ಮೇಜಿನ ಮೇಲಿಡೋ ಸಣ್ಣ ಸ್ಪೀಕರ್ ಯಾವುದು? ಮದ್ದಳೆ ಕೇಳಬೇಕು, ಅಪ್ಪನಿಗೆ ಮಾತೂ ತಿಳಿಯಬೇಕು

ಸಾಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಸಂಜೆ ಶಾಲೆಯಿಂದ ಬಂದ ಮೇಲೆ ಉತ್ತರ ಪತ್ರಿಕೆ ತಿದ್ದುತ್ತಾ ಲ್ಯಾಪ್‌ಟಾಪ್‌ನಲ್ಲಿ ತಾಳಮದ್ದಳೆ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಪಕ್ಕದಲ್ಲಿ ಈಸಿಚೇರಿನಲ್ಲಿ ಅಪ್ಪ. ಅವರಿಗೆ 76. ತೊಂದರೆ ಏನಂದರೆ, ಚೆಂಡೆ ಮಾತ್ರ ಕಿವಿಗೆ ಬಂದು ಹೊಡೆಯುತ್ತದೆ. ಮದ್ದಳೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅರ್ಥ, ಅಂದರೆ ಪಾತ್ರಗಳ ಮಾತು, ಶುರುವಾದರೆ "ಏನಂದ ಕೃಷ್ಣ? ಏನಂದ?" ಅಂತ ಅಪ್ಪ ಎರಡು ನಿಮಿಷಕ್ಕೊಮ್ಮೆ ಕೇಳುತ್ತಾರೆ. ಕೆಂಪು ಪೆನ್ನು ಕೆಳಗಿಟ್ಟು ನಾನು ಹಿಂದಕ್ಕೆ ಹೋಗಿ ಮತ್ತೆ ಹಾಕಬೇಕು. ಲ್ಯಾಪ್‌ಟಾಪನ್ನು ಸ್ಟೀಲ್ ಬೋಗುಣಿ ಮೇಲಿಟ್ಟು ನೋಡಿದೆ. ಕೃಷ್ಣ ಬಾವಿಯೊಳಗಿಂದ ಮಾತಾಡಿದ ಹಾಗಾಯಿತು.

ಮೇಜು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಅದರಲ್ಲಿ ಅರ್ಧ ಪೇಪರ್ ಕಟ್ಟಿಗೇ ಹೋಗುತ್ತದೆ. 3,000 ರೂಪಾಯಿ ಇಟ್ಟುಕೊಂಡಿದ್ದೇನೆ, ತೀರಾ ಅಂದರೆ 3,500. ಇಲ್ಲಿ ಅಂಗಡಿಯವರು ಒಂದು ವೂಫರ್ ಸೆಟ್ ತೋರಿಸಿ "60 ವ್ಯಾಟ್ ಮೇಡಂ, ಬೀದಿಗೆಲ್ಲ ಕೇಳುತ್ತದೆ" ಅಂದರು. ನನಗೆ ಬೀದಿಗೆ ಕೇಳುವುದು ಬೇಡ, ಅಪ್ಪನಿಗೆ ಕೇಳಿದರೆ ಸಾಕು. ಯಾವುದು ತಗೊಳ್ಳಲಿ?

ಹಾಸ್ಟೆಲ್ ಹುಡುಗ:

ಮೇಡಂ, ಕಣ್ಣು ಮುಚ್ಚಿ 2.1 ತಗೊಳ್ಳಿ. ವೂಫರ್ ಮೇಜಿನ ಕೆಳಗೆ, ಎರಡು ಪುಟಾಣಿ ಸ್ಪೀಕರ್ ಮೇಲೆ. ನಮ್ಮ ರೂಮಲ್ಲಿ ಅದೇ ಇರೋದು. ಬೇಸ್ ಬಂದಾಗ ಕಿಟಕಿ ಗಾಜು ನಡುಗುತ್ತದೆ, ಸೂಪರ್!

ಸೋಲ್ಡರ್‌ಗನ್:

ತಮ್ಮಾ, ಅವರಿಗೆ ಗಾಜು ನಡುಗಿಸಬೇಕಾಗಿಲ್ಲ.

ಮೇಡಂ, ನಾನು ಬೆಂಗಳೂರಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ವಾರಕ್ಕೆರಡು ಸಲ ಎಸ್.ಪಿ. ರೋಡಿಗೆ ಹೋಗುತ್ತೇನೆ. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಅದೇ ರೆಕಾರ್ಡಿಂಗನ್ನು ಇಯರ್‌ಫೋನ್ ಹಾಕಿ ಕೇಳಿ. ಅದರಲ್ಲಿ ಮದ್ದಳೆ ಕೇಳಿಸಿದರೆ ತಪ್ಪು ಲ್ಯಾಪ್‌ಟಾಪಿನದು. ಅದರಲ್ಲೂ ಇಲ್ಲ ಅಂದರೆ ಮೈಕ್ ಇಟ್ಟವರು ಚೆಂಡೆ ಪಕ್ಕದಲ್ಲೇ ಇಟ್ಟಿದ್ದಾರೆ. ಆಗ ಲಕ್ಷ ರೂಪಾಯಿ ಸ್ಪೀಕರ್ ತಂದರೂ ಮದ್ದಳೆ ಬರುವುದಿಲ್ಲ.

ಇನ್ನು ಆ 60 ವ್ಯಾಟ್ ಕಥೆ. ಡಬ್ಬದ ಮೇಲೆ ಪಿಎಂಪಿಒ ಅಂತ ಇದ್ದರೆ ಸುಮ್ನೆ ಬಿಟ್ಟುಬಿಡಿ, ಆ ಲೆಕ್ಕಕ್ಕೆ ಬುಡವಿಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ನಿಜವಾದ ಶಕ್ತಿ, ಎಷ್ಟು ಅಂತ ಕೇಳಿ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಸ್ಪೀಕರ್ ಆದರೆ ನೀವೇ ಲೆಕ್ಕ ಹಾಕಬಹುದು. ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್, 500 ಮಿಲಿಆಂಪ್. ಅಂದರೆ 2.5 ವ್ಯಾಟ್. 3.0 ಆದರೆ 900 ಮಿಲಿಆಂಪ್, 4.5 ವ್ಯಾಟ್. ಅದರೊಳಗಿಂದ 60 ಎಲ್ಲಿಂದ ಬರುತ್ತದೆ? ಆದರೆ ಬೇಜಾರು ಬೇಡ. ಎರಡು ಮೂರು ಅಡಿ ದೂರದಲ್ಲಿ ಕೂತು ಕೇಳುವವರಿಗೆ ಎರಡು ವ್ಯಾಟ್ ಅಂದರೆ ಧಾರಾಳ.

ನಿಮ್ಮ ತಂದೆಯವರ ವಿಷಯವೇ ಬೇರೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಮಂಕಾಗುವುದು ಮೇಲಿನ ಸ್ವರಗಳು. ಸ, ತ, ಕ ಇವೆಲ್ಲ ಬಿಡಿಸಿ ಕೇಳುವುದು ಹೆಚ್ಚಾಗಿ 2,000 ಹರ್ಟ್ಸ್ ಆಸುಪಾಸಿನಿಂದ ಮೇಲಕ್ಕೆ. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಸ್ಪೀಕರ್ ಇರುವುದು ಅಡಿಯಲ್ಲಿ. ಆ ಶಬ್ದ ಮೇಜಿಗೆ ಬಡಿದು ಚೂರಾಗಿ ಬರುತ್ತದೆ. ಅದಕ್ಕೇ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಹೀಗಿರುವಾಗ ವೂಫರ್ ತಂದು ಬೇಸ್ ಜಾಸ್ತಿ ಮಾಡಿದರೆ ಮಾತು ಇನ್ನೂ ಮುಚ್ಚಿಹೋಗುತ್ತದೆ. ನಿಮಗೆ ಬೇಕಾಗಿರುವುದು ಎರಡೇ ಎರಡು ಸ್ಪೀಕರ್, ಮೂತಿ ಕಿವಿಯ ಕಡೆಗೆ ಎತ್ತಿಕೊಂಡಿರುವಂಥದ್ದು.

ನಿಮ್ಮ ದುಡ್ಡಿಗೆ ಕ್ರಿಯೇಟಿವ್ ಪೆಬಲ್ ನೋಡಿ. ಉಂಡೆ ಆಕಾರ, ಒಳಗೆ 2.25 ಇಂಚಿನ ಡ್ರೈವರ್ (ಶಬ್ದ ಹೊರಡಿಸುವ ಭಾಗ), 45 ಡಿಗ್ರಿ ಮೇಲಕ್ಕೆ ಮುಖ ಮಾಡಿದೆ. ಕರೆಂಟಿಗೆ ಯುಎಸ್‌ಬಿ, ಶಬ್ದಕ್ಕೆ ಮಾಮೂಲಿ ಇಯರ್‌ಫೋನ್ ಪಿನ್. ಮುಂದೆ ದುಡ್ಡೂ ಜಾಗವೂ ಜಾಸ್ತಿಯಾದರೆ ಎಡಿಫೈಯರ್ ಆರ್1280ಟಿ ಥರದ್ದು. 4 ಇಂಚಿನ ಡ್ರೈವರ್, ಮೇಲಿನ ಸ್ವರಗಳಿಗೇ ಬೇರೆ ಟ್ವೀಟರ್, ಮರದ ಡಬ್ಬ. ಅದರಲ್ಲಿ ಮದ್ದಳೆಯ ಎಡಗೈ ಪೆಟ್ಟು ಹೊಟ್ಟೆಗೆ ತಾಗುತ್ತದೆ. ಆದರೆ ಈಗಿನ ನಿಮ್ಮ ಮೇಜಿಗೆ ಅದು ಹಿಡಿಸುವುದಿಲ್ಲ, ಪೇಪರ್ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದಬೇಕಾದೀತು. ಪೆಬಲ್‌ನಲ್ಲಿ ಮದ್ದಳೆ ಇರುತ್ತದೆ, ನಾದದ ಗಾತ್ರ ಇರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ಸ್ಪೀಕರ್ ಅಡಿಗೆ ಏನಾದರೂ ಮೆತ್ತನೆಯದು ಹಾಕಿ. ನಾನು ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಹಾಕುತ್ತೇನೆ, ನಗಬೇಡಿ. ಮೇಜಿನ ಹಲಗೆ ಜತೆಗೆ ಗುಂಯ್‌ಗುಡುವುದು ಅರ್ಧ ಕಡಿಮೆಯಾಗುತ್ತದೆ.

ಸಾಗರದ ಟೀಚರ್:

ಸರ್, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇಯರ್‌ಫೋನಿನಲ್ಲಿ ಮದ್ದಳೆ ಚೆನ್ನಾಗಿಯೇ ಇದೆ. ಹಾಗಾದರೆ ತಪ್ಪು ಲ್ಯಾಪ್‌ಟಾಪಿನದೇ. ಎರಡು ಅನುಮಾನ. ಬ್ಲೂಟೂತ್ ಒಳ್ಳೆಯದಲ್ವಾ, ವೈರ್ ರಗಳೆ ಇರುವುದಿಲ್ಲ? ಇನ್ನೊಂದು, ಅಪ್ಪ ಕೂರುವುದು ನನ್ನ ಎಡಗಡೆ ಐದಡಿ ದೂರ. ಅವರಿಗೆ ಎಡದ್ದು ಮಾತ್ರ ಕೇಳುತ್ತದೇನೋ.

ಸೋಲ್ಡರ್‌ಗನ್:

ಬರೀ ಹಾಡಿಗೆ ಬ್ಲೂಟೂತ್ ಅಡ್ಡಿಯಿಲ್ಲ. ವಿಡಿಯೋ ಆದರೆ ಕೆಲವು ಸಲ ತುಟಿ ಮುಂದೆ, ಮಾತು ಹಿಂದೆ. ಇನ್ನು ಕೆಲವು ಸ್ಪೀಕರ್ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ನಿದ್ದೆ ಹೋಗಿ, ಎದ್ದಾಗ ಮೊದಲ ಅಕ್ಷರ ನುಂಗುತ್ತವೆ. ಅರ್ಥಧಾರಿ ತಡೆದು ತಡೆದು ಮಾತಾಡುವಾಗ ಅದು ಬಹಳ ಕಿರಿಕಿರಿ. ವೈರೇ ಇರಲಿ.

ಎರಡನೆಯದಕ್ಕೆ ಸುಲಭದ ದಾರಿ ಇದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಅಂತ ಹುಡುಕಿ, ಆನ್ ಮಾಡಿ. ಎರಡರಲ್ಲೂ ಒಂದೇ ಶಬ್ದ ಬರುತ್ತದೆ. ಒಂದು ಸ್ಪೀಕರ್ ನಿಮ್ಮ ಕಡೆಗೆ, ಇನ್ನೊಂದು ತಂದೆಯವರ ಕಡೆಗೆ ತಿರುಗಿಸಿಡಿ. ಸ್ಟೀರಿಯೋ ಹೋಯಿತು ಅಂತ ಯಾರಾದರೂ ಗೊಣಗಬಹುದು. ಗೊಣಗಲಿ, ನಿಮ್ಮ ಹಳೇ ರೆಕಾರ್ಡಿಂಗ್‌ಗಳಲ್ಲಿ ಅರ್ಧಕ್ಕರ್ಧ ಮೊದಲೇ ಮೋನೋ ಇರುತ್ತವೆ.

ಕುಂದಾಪ್ರ ಕಡೆಯವ:

ಒಂದು ಮಾತು ಸೇರಿಸ್ತೇನೆ. ನಾನು ಹೋದ ವರ್ಷ ಒಂದು ಜೋಡಿ ತಂದೆ, ಕಂಪನಿ ಹೆಸರು ಬೇಡ. ಚಾರ್ಜರ್ ಹಾಕಿದ ಕೂಡಲೇ ಜೀರುಂಡೆ ಕೂಗಿದ ಹಾಗೆ ಜುಂಯ್ ಅಂತ ಸದ್ದು. ಚಾರ್ಜರ್ ತೆಗೆದರೆ ಪೂರಾ ಬಂದ್. ಎರಡು ಸಲ ಅಂಗಡಿಗೆ ಹೊತ್ತುಕೊಂಡು ಹೋದೆ, ಅಲ್ಲಿ ಸದ್ದೇ ಇಲ್ಲ! ಕಡೆಗೆ ಗೊತ್ತಾಗಿದ್ದು, ನಮ್ಮ ಹಳೇ ಮನೆಯ ಅರ್ತಿಂಗ್ ಸತ್ತುಹೋಗಿತ್ತು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು, ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗುಂಡಿ ತೆಗೆದು ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿದ. ಸದ್ದು ಹೋಯಿತು. ಈಗ ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುತ್ತೇನೆ.

ಸೋಲ್ಡರ್‌ಗನ್:

ಹೌದು, ಇದು ನೂರಕ್ಕೆ ನೂರು ನಿಜ. ಸದ್ದು ಹೋಗಲಿ ಅಂತ ಚಾರ್ಜರಿನ ದಪ್ಪ ಮೂರನೇ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಮಾಡಬೇಡಿ. ಅರ್ತಿಂಗ್ ಸರಿ ಇದ್ದೂ ಸದ್ದು ಬಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಹೆಬ್ಬೆರಳಷ್ಟು ದಪ್ಪದ ಒಂದು ಡಬ್ಬಿ ಸಿಗುತ್ತದೆ, ಕೆಲವು ನೂರು ರೂಪಾಯಿ. ಪಿನ್ನಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸಿದರೆ ಆಯಿತು.

ಸಾಗರದ ಟೀಚರ್:

ಹತ್ತು ದಿನ ಆಯಿತು, ಹೇಳಿಬಿಡುತ್ತೇನೆ. ಎರಡೇ ಉಂಡೆಯ ಜೋಡಿ ತಂದೆ, 3,000ದೊಳಗೇ ಆಯಿತು. ಜುಂಯ್ ಸದ್ದು ಇಲ್ಲ, ಪುಣ್ಯ. ಮೋನೋ ಹಾಕಿ ಎಡದ್ದನ್ನು ಅಪ್ಪನ ಕಡೆ ಕಿಟಕಿ ಕಟ್ಟೆ ಮೇಲಿಟ್ಟಿದ್ದೇನೆ. ವೈರ್ ಅಲ್ಲಿಗೆ ಸರಿಯಾಗಿ ಮುಗಿಯುತ್ತದೆ, ಇನ್ನೊಂದು ಗೇಣು ಬೇಕು ಅಂದರೂ ಇಲ್ಲ. ಹಾಗಾಗಿ ನಾನೇ ಮೇಜನ್ನು ಎಡಕ್ಕೆ ಸರಿಸಿಕೊಂಡೆ.

ಮದ್ದಳೆ ನೀವು ಹೇಳಿದ ಹಾಗೆಯೇ: ಪೆಟ್ಟು ಗೊತ್ತಾಗುತ್ತದೆ, ಗುಂಗು ಇಲ್ಲ. ಅದು ನನಗೆ ಸ್ವಲ್ಪ ಬೇಜಾರೇ. ಆದರೆ ನಿನ್ನೆ ಒಂದು ಇಡೀ ಸಂಧಾನದ ಪ್ರಸಂಗ ಮುಗಿಯುವವರೆಗೆ ಅಪ್ಪ ಕೇಳಿದ್ದು ಮೂರೇ ಸಲ "ಏನಂದ". ಅದರಲ್ಲಿ ಒಂದು ನನಗೂ ಕೇಳಿಸಿರಲಿಲ್ಲ. 34 ಪೇಪರ್ ತಿದ್ದಿ ಮುಗಿಸಿದೆ.

ಅಡಿಗೆ ಹಾಕಲು ಮನೆಯಲ್ಲಿ ಹಳೇ ಹವಾಯಿ ಚಪ್ಪಲಿ ಸಿಗಲಿಲ್ಲ. ಮೌಸ್‌ಪ್ಯಾಡನ್ನೇ ಎರಡು ಮಾಡಿದೆ. ಈಗ ಮೌಸು ಹಳೇ ಪ್ರಶ್ನೆಪತ್ರಿಕೆ ಮೇಲೆ ಓಡುತ್ತಿದೆ.