ಪದಚರ್ಚೆ: ‘ಬಿಗಿ’ ಪಿಸ್ತೂಲು, ‘ಕೈಕೊಡದ’ ಪಿಸ್ತೂಲು

ಬಳಗದವರಿಗೆ ನಮಸ್ಕಾರ.

ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಗುರಿ ಹೊಡೆಯುವ ಹವ್ಯಾಸಕ್ಕೆಂದು ಮೂರು ಸಾವಿರ ಡಾಲರ್ ಮೇಲೆ ಸುರಿದು 1911 ಮಾದರಿಯ (ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಪಿಸ್ತೂಲಿನ ಮಾದರಿ) ಕಸ್ಟಮ್ ಪಿಸ್ತೂಲೊಂದನ್ನು ಕೊಂಡ. ಅದರ ಕತೆಯನ್ನು ಇಂಗ್ಲಿಷಿನಲ್ಲಿ ಬರೆದು, “ಅಕ್ಕಾ, ನಮ್ಮ ಕನ್ನಡ ಸಂಘದ ಸಂಚಿಕೆಗೆ ನೀನೇ ಕನ್ನಡ ಮಾಡಿಕೊಡು” ಎಂದು ನನ್ನ ತಲೆಗೆ ಕಟ್ಟಿದ್ದಾನೆ. ಎರಡು ಮಾತುಗಳ ಹತ್ತಿರ ಬಂಡಿ ನಿಂತಿದೆ: ಬಿಲ್ಡ್ ಕ್ವಾಲಿಟಿ, ರಿಲಯಬಿಲಿಟಿ.

ಮಿಕ್ಕ ಪದಗಳಿಗೆ ಬರವಿಲ್ಲ. ಕೋವಿಯಿರುವ ಮಲೆನಾಡಿನ ಮನೆಗಳಲ್ಲಿ ನಳಿಗೆ (ಬ್ಯಾರೆಲ್), ತೋಟಾ (ಕಾರ್ಟ್ರಿಜ್), ಈಡು (ಒಂದು ಸಲದ ಹೊಡೆತ), ಕುದುರೆ ಎಲ್ಲ ಬಳಕೆಯಲ್ಲಿವೆ. (ಕುದುರೆ ಎಂದರೆ ಹ್ಯಾಮರೋ ಟ್ರಿಗರೋ ಎಂಬ ಜಗಳ ಇನ್ನೊಂದು ದಿನಕ್ಕಿರಲಿ. ನಮ್ಮ ಮನೆಯಲ್ಲಿ ಅದು ಹ್ಯಾಮರ್.)

ಬಿಲ್ಡ್ ಕ್ವಾಲಿಟಿಗೆ ‘ನಿರ್ಮಾಣ ಗುಣಮಟ್ಟ’ ಎಂದು ಬರೆದು ಹೊಡೆದುಹಾಕಿದೆ. ಲೋಕೋಪಯೋಗಿ ಇಲಾಖೆಯ ಸೇತುವೆ ಕಣ್ಣಮುಂದೆ ಬಂತು. ನಮ್ಮ ಬಡಗಿಗಳು ‘ಕೆಲಸ’ ಅಂತಷ್ಟೇ ಅನ್ನುತ್ತಾರೆ. ಬಾಗಿಲು ಚೌಕಟ್ಟಿಗೆ ‘ಕೂತಿದೆ’, ‘ಕೂತಿಲ್ಲ’. ಪಿಸ್ತೂಲಿನಲ್ಲೂ ಅದೇ ವಿಷಯ. ಅರ್ಕನ್ಸಾಸಿನ ಬೆರಿವಿಲ್‌ನಲ್ಲಿರುವ ನೈಟ್‌ಹಾಕ್ ಕಸ್ಟಮ್‌ನಲ್ಲಿ ಒಂದು ಪಿಸ್ತೂಲನ್ನು ಮೊದಲಿಂದ ಕೊನೆತನಕ ಒಬ್ಬನೇ ಕಸಬುದಾರ ಕೂರಿಸುತ್ತಾನೆ. ಸ್ಲೈಡು (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಫ್ರೇಮಿನ (ಹಿಡಿಯಿರುವ ಕೆಳಭಾಗ) ಮೇಲೆ ಕೂರಬೇಕು, ನಳಿಗೆಯ ಮೂತಿ ಬುಶ್ಶಿನೊಳಗೆ (ಮೂತಿಯನ್ನು ಹಿಡಿಯುವ ಬಳೆ) ಕೂರಬೇಕು. ಹಾಗಾಗಿ ಫಿಟ್ ಎಂಬುದಕ್ಕೆ ‘ಕೂರಿಕೆ’ ಎಂದು ಬರೆದಿದ್ದೇನೆ. ಕಿವಿಗೆ ಒಗ್ಗುತ್ತದೆಯೆ?

ನಿಜವಾದ ತೊಡಕು ‘ಬಿಗಿ’ಯದು. ಅಂಗಡಿಯಲ್ಲಿ ನನ್ನ ತಮ್ಮ, ಹಳೆಯ ಮಿಲಿಟರಿ 1911 ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದನಂತೆ: ಗಲಗಲ. ಹೊಸದು ಉಸಿರೆತ್ತಲಿಲ್ಲ. ಮಾರು ಹೋದ. ಕನ್ನಡದಲ್ಲೂ ಬಿಗಿ ಹೊಗಳಿಕೆ (ಬಿಗಿ ಬಂದೋಬಸ್ತು, ಬಿಗಿಯಾದ ಕತೆ), ಸಡಿಲ ಬೈಗುಳ. ಆದರೆ ಸೇನೆಯ ಪಿಸ್ತೂಲಿಗೆ ಗಲಗಲ ಎನ್ನಿಸುವ ಆ ಸಂದು ಬೇಕಿತ್ತು. ಕೆಸರು, ಮಸಿ ಹೊಕ್ಕರೂ ಓಡಬೇಕು, ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗಬೇಕು. ಸೇನೆಯ 1911ರ ಮಾರ್ಚಿನ ಪರೀಕ್ಷೆಯಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲು 6000 ಗುಂಡು ಹಾರಿಸಿತು. ಕಾದಾಗ ಬಕೆಟ್ಟಿನ ನೀರಿಗೆ ಅದ್ದಿ ಮತ್ತೆ ಹೊಡೆದರು.

ತಮ್ಮನದು ಹನ್ನೊಂದನೆಯ ಈಡಿಗೇ ಕಚ್ಚಿಕೊಂಡಿತು. ತೋಟಾ ಒಳಗೆ ಹೋಗುತ್ತ ನಿಂತು, ಸ್ಲೈಡು ಬೆರಳಗಲ ಹಿಂದೆಯೇ ಉಳಿಯಿತು. ಹೆಬ್ಬೆರಳಲ್ಲಿ ತಳ್ಳಿದರೆ ಟಕ್ಕೆಂದು ಮುಚ್ಚಿತು. ಮಾಡಿದವರನ್ನು ಕೇಳಿದರೆ “500 ಗುಂಡು ಹೊಡೀರಿ, ಪಳಗುತ್ತೆ” ಎಂದರಂತೆ. (ಇಂಗ್ಲಿಷಿನ ಬ್ರೇಕ್-ಇನ್‌ಗೆ ‘ಪಳಗಿಸು’ ಎಂದು ನಾನೇ ಇಟ್ಟೆ. ದೋಸೆ ಕಾವಲಿ ಪಳಗಿಸುವುದಿಲ್ಲವೆ, ಹಾಗೆ.) 500 ಆದರೂ ಪಳಗಲಿಲ್ಲ. ಕೊನೆಗೆ ಊರಿನ ಕಸಬುದಾರನೊಬ್ಬ ಸ್ಲೈಡು ಬಿಚ್ಚಿ, ಹೊಡೆದ ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಖಾಲಿ ತೋಟಾ ತೂರಿಸಲು ಹೋದ. ಬೆರಳಿಗೆ ಜಗ್ಗಲಿಲ್ಲ, ಕೊಕ್ಕೆಯ ಹಿಡಿತ ಅಷ್ಟು ಬಿಗಿ. ಈ ಮಾದರಿಯಲ್ಲಿ ಕೊಕ್ಕೆಗೆ ಬೇರೆ ಸ್ಪ್ರಿಂಗಿಲ್ಲ, ಉಕ್ಕಿನ ಕೊಕ್ಕೆಯೇ ಸ್ಪ್ರಿಂಗು. ತುಸು ಬಗ್ಗಿಸಿ ಮತ್ತೆ ತೂರಿಸಿದ. ಸಲೀಸಾಗಿ ಜಾರಿತು, ಮೆಲ್ಲಗೆ ಅಲ್ಲಾಡಿಸಿದರೂ ಬೀಳಲಿಲ್ಲ. ಇಂಗ್ಲಿಷಿನವರು ಇಲ್ಲಿ ‘ಸರಿಯಾದ ಟೆನ್ಷನ್’ ಅಂತ ಸುತ್ತಿ ಹೇಳಬೇಕು, ನಮಗೆ ‘ಹದ’ ಸಾಕು. ಇದೊಂದು ಪದಕ್ಕೆ ನಾನು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ!

ಉಳಿದದ್ದು ರಿಲಯಬಿಲಿಟಿ. ‘ವಿಶ್ವಾಸಾರ್ಹತೆ’ ಸುದ್ದಿಗೆ, ಬ್ಯಾಂಕಿಗೆ ಸರಿ. ‘ನಂಬಿಕಸ್ತ’ ಆಳಿಗೋ ನಾಯಿಗೋ ಹೊಂದುತ್ತದೆ. ‘ಬಾಳಿಕೆ’ ಎಷ್ಟು ವರ್ಷ ಬರುತ್ತದೆ ಎಂಬ ಲೆಕ್ಕ. ಇಪ್ಪತ್ತು ವರ್ಷ ಬಾಳಿ ಹತ್ತು ಈಡಿಗೊಮ್ಮೆ ಸತಾಯಿಸುವ ಪಿಸ್ತೂಲೂ ಇರಬಹುದು. ಬಾಯಿಗೆ ಬರುವ ಮಾತು ‘ಕೈಕೊಡಲ್ಲ’ ಎಂಬುದೇ. ವಾಕ್ಯದಲ್ಲಿ ಸೊಗಸು, ನಾಮಪದ ಮಾಡಹೊರಟರೆ ‘ಕೈಕೊಡದಿರುವಿಕೆ’ ಎಂಬ ವಿಕಾರ. ಮೂಟೆ ಎತ್ತುವಾಗ “ಸ್ವಲ್ಪ ಕೈ ಕೊಡಪ್ಪಾ” ಎಂದರೆ ಅರ್ಥ ತಿರುಗುಮುರುಗು ಬೇರೆ. ‘ನೆಚ್ಚಿಕೆ’ ಹಾಕಿ ನೋಡಿದೆ: “ಬಿಗಿಯಿದ್ದ ಮಾತ್ರಕ್ಕೆ ನೆಚ್ಚಿಕೆಯ ಪಿಸ್ತೂಲೇನಲ್ಲ.” ತುಸು ಹಳಗನ್ನಡದ ವಾಸನೆ ಬರುತ್ತಿದೆಯೇನೋ.

ಕೊಡಗಿನವರು, ಘಟ್ಟದ ಮೇಲಿನವರು ಹೇಳಿ: ಕರೆದಾಗಲೆಲ್ಲ ಹಾರುವ ಕೋವಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಮುಂದಿನ ವಾರ ಕರಡು ಕಳಿಸಬೇಕು.