‘ಫ್ರಿಮಾಂಟ್’ ಸಿನಿಮಾದ ದೋನ್ಯಾ ಏಕೆ ಅಷ್ಟು ಕಡಿಮೆ ಮಾತನಾಡುತ್ತಾಳೆ? ಮನೆಯವರಿಗೆ ಹೇಗೆ ಹೇಳಲಿ?

ಕಟಪಾಡಿಯವ:

ಬಾಬಕ್ ಜಲಾಲಿ ನಿರ್ದೇಶನದ 2023ರ ‘ಫ್ರಿಮಾಂಟ್’ ಚಿತ್ರವನ್ನು ಮೊನ್ನೆ ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಒಂದೂವರೆ ಗಂಟೆಯ ಕಪ್ಪು ಬಿಳುಪು ಚಿತ್ರ. ನನ್ನಾಕೆ ಅರ್ಧದಲ್ಲೇ ಎದ್ದಳು. “ಹುಡುಗಿ ಬಿಸ್ಕತ್ತು ಮಾಡುತ್ತಾಳೆ, ಡಾಕ್ಟರ ಹತ್ತಿರ ಹೋಗುತ್ತಾಳೆ, ಸುಮ್ಮನೆ ಕೂರುತ್ತಾಳೆ. ಇದರಲ್ಲಿ ಕಥೆ ಎಲ್ಲಿದೆ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಬೆಳಗಿನ ಜಾವದವರೆಗೆ ನಿದ್ದೆಯೂ ಬರಲಿಲ್ಲ.

ನೋಡದವರಿಗಾಗಿ ಎರಡು ಮಾತು. ದೋನ್ಯಾ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆಗೆ ದುಭಾಷಿಯಾಗಿದ್ದವಳು. ಈಗ ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಊರಿನಲ್ಲಿ ಒಬ್ಬಳೇ ಇದ್ದಾಳೆ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚೀನೀ ಕುಟುಂಬದ ಕಾರ್ಖಾನೆಯಲ್ಲಿ, ಒಳಗೆ ಭವಿಷ್ಯದ ಚೀಟಿ ಇಟ್ಟ ಫಾರ್ಚೂನ್ ಕುಕಿ ತಯಾರಿಸುವ ಕೆಲಸ ಅವಳದು. ಚೀಟಿಗೆ ವಾಕ್ಯ ಬರೆಯುತ್ತಿದ್ದವರು ತೀರಿಕೊಂಡ ಮೇಲೆ ಆ ಕೆಲಸವೂ ಅವಳ ಪಾಲಿಗೆ ಬರುತ್ತದೆ.

ಮಾತನ್ನೇ ನಂಬಿ ಬದುಕಿದ್ದವಳಿಗೆ ಕೊನೆಗೆ ಸಿಕ್ಕಿದ್ದು ಬೆರಳಗಲದ ಚೀಟಿ. ನನ್ನನ್ನು ಹಿಡಿದದ್ದು ಅದೇ. ನಾನು 1993ರಿಂದ ಹನ್ನೊಂದು ವರ್ಷ ಮಸ್ಕತ್‌ನ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದವನು. ಅದಕ್ಕೆ ಮೊದಲು ಊರಿನ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದೆ. ವಾಲಿಯಾಗಿ ಕುಳಿತರೆ, ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಅರ್ಧ ಗಂಟೆ ಪ್ರಶ್ನಿಸದೆ ಬಿಡುತ್ತಿರಲಿಲ್ಲ. ಮಸ್ಕತ್‌ನಲ್ಲಿ ನನ್ನ ಬಾಯಲ್ಲಿ ಉಳಿದದ್ದು ಹತ್ತಿಪ್ಪತ್ತು ಶಬ್ದ: ಅಂಗಿ, ಬಿಲ್, ನಾಳೆ, ಆಯಿತು. ಜೊತೆಯವರು ನನ್ನನ್ನು ಮೂಗನೆಂದೇ ತಿಳಿದಿದ್ದರು. ಕ್ರಮೇಣ ನಾನೂ ಹಾಗೆಯೇ ಆದೆ.

ಆಗ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಯಲ್ಲಿ ಊರಿಗೆ ಹೊರಟವರ ಕೈಯಲ್ಲಿ ಮನೆಗೆ ಕಳುಹಿಸುತ್ತಿದ್ದೆವು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತು ನಿಮಿಷಕ್ಕೇ ನನ್ನ ಮಾತು ಮುಗಿಯುತ್ತಿತ್ತು. ಆಮೇಲೂ ಗುಂಡಿ ಒತ್ತಿ ನಿಲ್ಲಿಸಲು ಮನಸ್ಸಾಗದೆ ಕುಳಿತಿರುತ್ತಿದ್ದೆ.

ಇದನ್ನು ನನ್ನಾಕೆಗೆ ಯಾವತ್ತೂ ಹೇಳಿಲ್ಲ. ಸಿನಿಮಾದ ಯಾವ ದೃಶ್ಯ ತೋರಿಸಿದರೆ ಅವಳಿಗೆ ಅರ್ಥವಾದೀತು?

ಮಣಿಪಾಲದ ವಿದ್ಯಾರ್ಥಿನಿ:

ಸರ್, ಡಾಕ್ಟರ ಕೋಣೆಯ ದೃಶ್ಯಗಳನ್ನು ತೋರಿಸಿ. ಅವಳು ಅಲ್ಲಿಗೆ ಹೋಗುವುದು ನಿದ್ದೆ ಮಾತ್ರೆಗಾಗಿ, ಅದೂ ನೆರೆಯವನು ಬಿಟ್ಟುಕೊಟ್ಟ ಸರದಿಯಲ್ಲಿ. ಡಾಕ್ಟರರೋ ಮಾತ್ರೆ ಬರೆದುಕೊಡುವ ಬದಲು ಜ್ಯಾಕ್ ಲಂಡನ್‌ನ ‘ವೈಟ್ ಫ್ಯಾಂಗ್’ ಓದಿ ಹೇಳುತ್ತಾರೆ. ಆಗ ಅವಳ ಕಣ್ಣನ್ನು ಗಮನಿಸಿ. ಚಿತ್ರದ ಚೌಕಟ್ಟು ಹಳೆಯ ಟಿವಿಯಂತೆ ಹೆಚ್ಚುಕಡಿಮೆ ಚೌಕ. ಪಕ್ಕದಲ್ಲಿ ನೋಡಲು ಬೇರೇನೂ ಇಲ್ಲ, ಮುಖವನ್ನೇ ನೋಡಬೇಕು.

ಆ ಪಾತ್ರ ಮಾಡಿದ ಅನೈತಾ ವಲಿ ಜಾದಾ ಅಫ್ಘಾನಿಸ್ತಾನದಲ್ಲಿ ಪತ್ರಕರ್ತೆಯಾಗಿದ್ದು, 2021ರಲ್ಲಿ ಕಾಬೂಲ್ ಬಿಟ್ಟು ಬಂದವರು. ಅವರು ನಟಿಸಿದ ಮೊದಲ ಚಿತ್ರ ಇದು. ಹತ್ತು ಲಕ್ಷ ಡಾಲರಿನೊಳಗೆ ತಯಾರಾದ ಚಿತ್ರಗಳಿಗೆಂದೇ ಇರುವ ಜಾನ್ ಕ್ಯಾಸವೆಟಿಸ್ ಪ್ರಶಸ್ತಿ ಇದಕ್ಕೆ 2024ರಲ್ಲಿ ಬಂತು. ಆದರೆ ಅಮ್ಮನಿಗೆ ಪ್ರಶಸ್ತಿಯ ವಿಷಯ ಬೇಡ, ನಿಮ್ಮ ಕ್ಯಾಸೆಟ್ಟಿನ ವಿಷಯ ಹೇಳಿ.

ಬಂದರಿನ ಲೆಕ್ಕದವ:

ನನಗೆ ಚಿತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ ಮಾರಾಯರೇ. ಅಷ್ಟು ಮೆದು ಸ್ವಭಾವದ ಮಾಲೀಕ ಎಲ್ಲರಿಗೂ ಸಿಗುವುದಿಲ್ಲ. ಅವಳು ಒಂದು ಚೀಟಿಯಲ್ಲಿ ತನ್ನ ಫೋನ್ ನಂಬರನ್ನೇ ಬರೆದು ಬಿಸ್ಕತ್ತಿನೊಳಗೆ ಕಳುಹಿಸಿದ ಮೇಲೂ ಕೆಲಸ ಉಳಿಯುತ್ತದೆ! ಆದರೂ ನೀವು ತೋರಿಸಬೇಕಾದದ್ದು ಆ ಚೀಟಿಯ ದೃಶ್ಯವನ್ನೇ.

ಮಲ್ಪೆಯಲ್ಲಿ ಬೋಟುಗಳ ಲೆಕ್ಕ ಬರೆಯುವವನು ನಾನು. ಒಡಿಶಾದ ಒಬ್ಬ ಹುಡುಗ ಎರಡು ವರ್ಷ ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಲ್ಲವೇ, ಊರಿಗೆ ಹೊರಡುವ ಹಿಂದಿನ ದಿನ ಬಂದು ಪೆನ್ನು ಕೇಳಿದ. ಒಂದು ರಟ್ಟಿನ ತುಂಡಿನ ಮೇಲೆ ಒಡಿಯಾದಲ್ಲಿ ಮೂಲೆ ಬಿಡದಂತೆ ಬರೆದ. ದುಂಡು ದುಂಡಾದ ಅಕ್ಷರ, ಒಂದೂ ಚಿತ್ತಿಲ್ಲ. “ಬರೆಯಲು ಬರುತ್ತದಲ್ಲ, ಮತ್ತೆ ಹೆಬ್ಬೆಟ್ಟು ಏಕೆ?” ಎಂದೆ. “ನೀವು ಶಾಯಿ ಡಬ್ಬಿ ಮುಂದಿಟ್ಟಿರಿ, ಒತ್ತಿದೆ” ಎಂದ. ನನಗೆ ನಾಚಿಕೆಯಾಯಿತು. ಈಗ ಹೊಸಬರು ಬಂದಾಗ ಮೊದಲು ಪೆನ್ನು ಕೊಡುತ್ತೇನೆ.

ಕಂಕನಾಡಿಯ ನರ್ಸ್, ಈಗ ನಿವೃತ್ತೆ:

ಕಾಬೂಲಿನಲ್ಲಿ ಜನ ಅಪಾಯದಲ್ಲಿರುವಾಗ ತಾನು ಪ್ರೀತಿಯ ವಿಚಾರ ಯೋಚಿಸಬಹುದೇ ಎಂಬ ಅಳುಕು ದೋನ್ಯಾಳಿಗಿದೆ. ಅವಳ ಬಾಯಿ ಕಟ್ಟಿದ್ದು ನಾಚಿಕೆಯೊಂದೇ ಅಲ್ಲ ತಮ್ಮಾ. 1990ರಲ್ಲಿ ಇರಾಕ್ ದಾಳಿ ಮಾಡಿದಾಗ ಕುವೈತಿನಿಂದ ಅಮ್ಮಾನ್ ದಾರಿಯಾಗಿ ಬಂದವಳು ನಾನು. ಜೊತೆಯಲ್ಲಿ ಕೆಲಸ ಮಾಡಿದ ಇಬ್ಬರು ಇನ್ನೂ ಕುವೈತಿನಲ್ಲೇ ಸಿಕ್ಕಿಕೊಂಡಿದ್ದರು. ಆ ವರ್ಷ ತಂಗಿಯ ಮದುವೆಗೆ ತಂದ ಹೊಸ ಸೀರೆಯನ್ನು ಉಡಲು ನನ್ನಿಂದ ಆಗಲಿಲ್ಲ. ಕಾರಣ ಕೇಳಿದವರಿಗೆ ಬಣ್ಣ ಹಿಡಿಸಲಿಲ್ಲ ಎಂದಿದ್ದೆ.

ಕಟಪಾಡಿಯವ:

ಅಕ್ಕಾ, ನಿಮ್ಮ ಸೀರೆಯ ಮಾತನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ಬೆನ್ನಿಗೇ ನನ್ನ ಕ್ಯಾಸೆಟ್ಟಿನ ಸಂಗತಿಯೂ ಬಾಯಿಗೆ ಬಂತು. ಮಾತು ನಿಂತ ಮೇಲೆ ನೀನು ಟೇಪು ಆರಿಸಿಬಿಡುತ್ತಿದ್ದೆಯಲ್ಲ ಎಂದು ಕೇಳಿದೆ.

“ಇಲ್ಲ” ಎಂದಳು. “ಕೋಣೆಯಲ್ಲಿ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು. ನಡುವೆ ಒಂದೆರಡು ಸಲ ನೀವು ಕೆಮ್ಮುತ್ತಿದ್ದಿರಿ. ಕ್ಯಾಸೆಟ್ಟು ಮುಗಿಯುವವರೆಗೂ ಕೇಳುತ್ತಿದ್ದೆ.”

ಇವತ್ತು ರಾತ್ರಿ ಊಟವಾದ ಮೇಲೆ ಡಾಕ್ಟರ ಕೋಣೆಯಿಂದ ಶುರು ಮಾಡುತ್ತೇವೆ.