ಅತ್ತೆಯ ಕೇಪ್‌ನಲ್ಲಿ ಪಟ್ಟೆಪಟ್ಟೆಗೂ ಸುಕ್ಕು, ಎಲ್ಲಿ ತಪ್ಪಿದೆ?

ಕಡ್ಡಿಗೌರಿ
ಎರಡು ತಿಂಗಳು ಕೂತು ಹೆಣೆದ ಕೇಪ್. ಅತ್ತೆ ಮಡಿಕೇರಿಯಲ್ಲಿರುತ್ತಾರೆ, ಚಳಿಗೆ ಹೆಗಲ ಮೇಲೆ ಹಾಕಿಕೊಳ್ಳಲಿ ಅಂತ ಶುರು ಮಾಡಿದ್ದು. ಕುತ್ತಿಗೆಯಿಂದ ಕೆಳಕ್ಕೆ, ಸುತ್ತ ಹೆಣೆದಿದ್ದೇನೆ. ಬೂದು, ಸಾಸಿವೆ ಹಳದಿ, ಮೆರೂನ್, ಮೂರು ಬಣ್ಣದ ಉಲ್ಲನ್. ಎಂಟೆಂಟು ಸಾಲಿಗೆ ಒಂದು ಪಟ್ಟೆ. ಈಗ ನೋಡಿದರೆ ಮೆರೂನ್ ಬಂದಲ್ಲೆಲ್ಲ ಲಾಡಿ ಕಟ್ಟಿದ ಹಾಗೆ ಒಳಕ್ಕೆ ಎಳೆದುಕೊಂಡಿದೆ. ನಡುವಿನ ಪಟ್ಟೆಗಳು ಲಂಗದ ನೆರಿಗೆ ಥರ ಉಬ್ಬಿವೆ. ಎಂಟನೇ ನಂಬರ್ ಕಡ್ಡಿ. ಹೆಣೆಯುವಾಗಲೇ ಕುಣಿಕೆ ಎಣಿಸಿದ್ದೇನೆ, ಒಂದೂ ತಪ್ಪಿಲ್ಲ. ಮುಂದಿನ ಭಾನುವಾರ ಕೊಡಬೇಕು. ಬಿಚ್ಚಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಹಳೇಕೈ
ಕೈ ಬಿಗಿ ಆಗಿದೆ, ಅಷ್ಟೇ. ಬಣ್ಣ ಬದಲಾಯಿಸುವಾಗ ಹಿಂದಿನ ದಾರವನ್ನು ಒಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತೀರಲ್ಲ, ಅಲ್ಲಿ ಎಲ್ಲರೂ ಬಿಗಿ ಮಾಡುತ್ತಾರೆ. ನಾನು ಕಾಲೇಜಿನಿಂದ ಹೆಣೆಯುತ್ತಿದ್ದೇನೆ, ನೂರು ಸಲ ನೋಡಿದ್ದೇನೆ.

ಉಂಡೆರಾಯ
ದಾರ ಎಳೆದುಕೊಂಡು ಹೋಗುವುದು ಒಂದೇ ಜಾಗದಲ್ಲಿ ಸರ್. ಅದು ಬಿಗಿಯಾದರೆ ಆ ಜಾಗ ಮಾತ್ರ ಮೇಲಕ್ಕೆ ಸೆಳೆಯುತ್ತದೆ. ಪಟ್ಟೆ ಸುತ್ತಲೂ ಚಿಕ್ಕದಾಗುವುದಿಲ್ಲ.

ಹಳೇಕೈ
ಬಣ್ಣ ಬದಲಾದರೆ ಕೈಯೂ ಬದಲಾಗುತ್ತದೆ. ಮೆರೂನ್‌ಗೆ ಒಂಬತ್ತನೇ ನಂಬರ್ ಏನಾದರೂ ಹಿಡಿದಿರಾ ಮೇಡಂ?

ನ್ಯೂಜೆರ್ಸಿನಳಿನಿ
ಎಂಟು ಅಂದರೆ 5 ಮಿ.ಮೀ. ಅಲ್ವಾ? ಅಷ್ಟು ದಪ್ಪ ಕಡ್ಡಿಗೆ ತೆಳು ದಾರ ಹಾಕಿದರೆ ಹೀಗೇ ಆಗೋದು.

ಹಳೇಕೈ
ಎಂಟು ಅಂದರೆ 4 ಮಿ.ಮೀ.

ನ್ಯೂಜೆರ್ಸಿನಳಿನಿ
ನನ್ನ ಕಡ್ಡಿಯ ಮೇಲೇ ಬರೆದಿದೆ, 8, 5 ಮಿ.ಮೀ.

ಉಂಡೆರಾಯ
ಇಬ್ಬರೂ ಸರಿ. ನಮ್ಮಲ್ಲಿ ಹಳೇ ಬ್ರಿಟಿಷ್ ನಂಬರ್, ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ತಿರುಗಾಮುರುಗಾ. ಇಲ್ಲಿನ 10 ಅಂದರೆ 3.25 ಮಿ.ಮೀ., ಅಲ್ಲಿನ 10 ಅಂದರೆ 6. ಏಳಕ್ಕೆ ಮಾತ್ರ ಎರಡೂ ಕಡೆ 4.5. ಮಿ.ಮೀ.ಯಲ್ಲೇ ಮಾತಾಡಿದರೆ ಅರ್ಧ ಜಗಳ ಇರಲ್ಲ.

ಮರದಕಡ್ಡಿ
ಅದಕ್ಕೇ ನಾನು ಜೈಪುರದ ನಿಟ್‌ಪ್ರೋ ಸೆಟ್ ತೆಗೆದುಕೊಂಡೆ. ತುದಿ ತಿರುಗಿಸಿ ಬಿಚ್ಚಿ ಬದಲಾಯಿಸಬಹುದು, ಕೇಬಲ್ ಮೂರು ಉದ್ದದ್ದು. ಸ್ಟೀಲ್ ಕಡ್ಡಿ ಈಗ ಮುಟ್ಟುವುದೇ ಇಲ್ಲ. ಫೋಟೋ ಹಾಕಲಾ?

ಕಡ್ಡಿಗೌರಿ
4 ಮಿ.ಮೀ. ಮೂರು ಬಣ್ಣಕ್ಕೂ ಅದೇ ಕಡ್ಡಿ. ಟೇಪ್ ಹಿಡಿದು ಅಳೆದೆ. ಕೊನೆಯ ಎರಡು ಪಟ್ಟೆಗೂ 240 ಕುಣಿಕೆ. ಹಳದಿ ಸುತ್ತಳತೆ 120 ಸೆಂ.ಮೀ., ಅದರ ಕೆಳಗಿನ ಮೆರೂನ್ 96.

ಹಳೇಕೈ
ಕೈ ಬಿಗಿ. ನಾನು ಹೇಳಿದೆನಲ್ಲ.

ಸರಸಕ್ಕ
ಇಸ್ತ್ರಿ ಹಾಕಿ ನೋಡಮ್ಮ. ಒದ್ದೆ ಬಟ್ಟೆ ಮೇಲಿಟ್ಟು ಒತ್ತಿದರೆ ಸರಿಹೋಗುತ್ತದೆ. ನಮ್ಮ ಮನೆಯ ಸ್ವೆಟರ್‌ಗೆಲ್ಲ ಹಾಗೇ ಮಾಡುವುದು.

ಕಡ್ಡಿಗೌರಿ
ಹಾಕಿದೆ ಅಕ್ಕ. ಮೆರೂನ್ ಅಲುಗಲೇ ಇಲ್ಲ. ಪಕ್ಕದ ಬೂದು ಕೈಯಗಲ ಜಾಗ ಬೆಂಕಿಗೆ ಬಾಡಿಸಿದ ಬಾಳೆಲೆ ಥರ ಜೋತುಬಿದ್ದಿದೆ. ಮಿರಮಿರ ಹೊಳೆಯುತ್ತಿದೆ. ಅಳು ಬರುತ್ತಿದೆ.

ಉಂಡೆರಾಯ
ಇಸ್ತ್ರಿ ನಿಲ್ಲಿಸಿ! ಬೂದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಥರದ ಕೃತಕ ದಾರ. ಅದಕ್ಕೆ ಬಿಸಿ ಜಾಸ್ತಿ ತಾಗಿದರೆ ಎಳೆ ಸತ್ತ ಹಾಗೆ, ಪುಟಿತ ಮತ್ತೆ ಬರುವುದಿಲ್ಲ. ಎರಡು ಪ್ರಶ್ನೆ ಮೇಡಂ. ಮೆರೂನ್ ಎಲ್ಲಿಂದ ತಂದಿದ್ದು? ಕಡ್ಡಿಯಿಂದ ಇಳಿಸಿದ ದಿನ ಈ ಸುಕ್ಕು ಇತ್ತಾ?

ಕಂಬಳಿಪ್ರಿಯ
ಇವರೆಲ್ಲ ಅಕ್ರಿಲಿಕ್ಕಿಗೂ ಉಲ್ಲನ್ ಅನ್ನುವುದೇ ತೊಂದರೆ. ನಾನು ಚಳ್ಳಕೆರೆ ಕಡೆ ಕಂಬಳಿ ನೇಯುವವರ ಹತ್ತಿರ ಕೈಯಲ್ಲಿ ನೂತ ಡೆಕ್ಕನಿ ಕುರಿಯ ಕರಿ ಉಣ್ಣೆ ತಂದು ಮಫ್ಲರ್ ಹೆಣೆದಿದ್ದೇನೆ. ಅಸಲಿ ಉಣ್ಣೆ ಅಂದರೆ ಅದು.

ಮರದಕಡ್ಡಿ
ಹಾಕಿಕೊಳ್ಳುತ್ತೀರಾ?

ಕಂಬಳಿಪ್ರಿಯ
ಕುತ್ತಿಗೆ ಕೆರೆದು ಕೆರೆದು ಕೆಂಪಾಯಿತು. ಈಗ ನಾಯಿ ಮಲಗುತ್ತದೆ.

ಕಡ್ಡಿಗೌರಿ
ಇಳಿಸಿದ ದಿನ ಚೆನ್ನಾಗಿತ್ತು. ಒಗೆದ ಮೇಲೆ ಹೀಗಾಗಿದ್ದು. ಅದನ್ನು ಹೇಳಿದ್ದೆ ಅಂದುಕೊಂಡಿದ್ದೆ. ಮೆರೂನ್ ಲಡಿ ಕುಲ್ಲುವಿಗೆ ಹೋದಾಗ ತಂದಿದ್ದು, ಉಳಿದೆರಡು ಇಲ್ಲಿನ ಅಂಗಡಿಯವು.

ಉಂಡೆರಾಯ
ಒಗೆದಿದ್ದು ಹೇಗೆ?

ಕಡ್ಡಿಗೌರಿ
ಮಷೀನಿಗೆ ಹಾಕಿದ್ದು. ಬೆಡ್‌ಶೀಟ್ ಜೊತೆ. 40 ಡಿಗ್ರಿ.

ಹಳೇಕೈ
ಅಯ್ಯೋ.

ಉಂಡೆರಾಯ
ಬಹುತೇಕ ಗೊತ್ತಾದ ಹಾಗೇ. ಆದರೂ ಮೂರೂ ಬಣ್ಣದಿಂದ ಎರಡಿಂಚು ದಾರ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಕಡ್ಡಿ ಗೀರಿ ನೋಡಿ. ಬೆಂಕಿಕಡ್ಡಿ, ಹೆಣಿಗೆ ಕಡ್ಡಿ ಅಲ್ಲ.

ಕಡ್ಡಿಗೌರಿ
ಮೆರೂನ್‌ಗೆ ಕೂದಲು ಸುಟ್ಟ ವಾಸನೆ. ಬೆಂಕಿ ದೂರ ಮಾಡಿದ ಕೂಡಲೇ ಆರಿತು. ಬೂದಿ ಬೆರಳಲ್ಲಿ ಹಿಚುಕಿದರೆ ಪುಡಿಪುಡಿ. ಬೂದು, ಹಳದಿ ಎರಡೂ ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕರಿ ಗುಂಡು ಉಳಿಯಿತು. ಉಗುರಿಗೂ ಒಡೆಯಲ್ಲ.

ಉಂಡೆರಾಯ
ಮೆರೂನ್ ಅಪ್ಪಟ ಉಣ್ಣೆ, ಮಷೀನಿಗೆ ತಡೆಯುವಂಥ ಸೂಪರ್‌ವಾಶ್ ಅಲ್ಲ. ಉಣ್ಣೆಯ ಎಳೆಗೆ ಮೀನಿನ ಹಾಗೆ ಹೊರಪೊರೆ ಇರುತ್ತದೆ. ಬಿಸಿನೀರು, ಸೋಪು, ಮಷೀನಿನ ಕುಲುಕಾಟ ಮೂರೂ ಸೇರಿದರೆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಅಕ್ರಿಲಿಕ್ ನುಣುಪು, ಅದಕ್ಕೇನೂ ಆಗಲ್ಲ. ಅದಕ್ಕೇ ಒಂದು ಪಟ್ಟೆ ಕುಗ್ಗಿತು, ಪಕ್ಕದ್ದು ಉಬ್ಬಿತು. ಮುಟ್ಟಿ ನೋಡಿ, ಮೆರೂನ್ ದಪ್ಪಗಾಗಿ ಕುಣಿಕೆಯೇ ಕಾಣುತ್ತಿರಲಿಕ್ಕಿಲ್ಲ.

ಸರಸಕ್ಕ
ಕಂಡೀಷನರ್‌ನಲ್ಲಿ ನೆನೆಸಿ ಎಳೆದರೆ ಬಿಡುತ್ತದೆ ಅಂತಾರೆ.

ಉಂಡೆರಾಯ
ಚೂರು ಮೆತ್ತಗಾಗಬಹುದು ಅಕ್ಕ. 96 ಇದ್ದದ್ದು 120 ಆಗಲ್ಲ.

ಹಳೇಕೈ
ಹಾಗಿದ್ದರೂ ಬಣ್ಣ ಬದಲಾಯಿಸುವಾಗ ಕೈ ಸಡಿಲ ಇರಲಿ.

ಕಡ್ಡಿಗೌರಿ
ಹಾಗಾದರೆ ಪೂರ್ತಿ ಹೋಯಿತಾ?

ಉಂಡೆರಾಯ
ಮೊದಲ ಮೆರೂನ್ ಎಲ್ಲಿ ಶುರುವಾಗುತ್ತದೆ?

ಕಡ್ಡಿಗೌರಿ
ಬೂದು ಎಂಟು, ಹಳದಿ ಎಂಟು, 17ನೇ ಸಾಲಿಂದ ಮೆರೂನ್.

ಉಂಡೆರಾಯ
ಹಾಗಾದರೆ ಉಳಿಯುವುದು ಕಾಲರ್ ಮಾತ್ರ. ಬಿಚ್ಚಿ ಅನ್ನಬೇಡಿ ಅಂದಿದ್ದಿರಿ, ಕತ್ತರಿಸಿ ಅನ್ನುತ್ತೇನೆ. 15ನೇ ಸಾಲಿನ ಅಷ್ಟೂ ಕುಣಿಕೆಗಳನ್ನು ಮೊದಲು ತೆಳು ಕಡ್ಡಿಗೆ ಏರಿಸಿಕೊಳ್ಳಿ. ಆಮೇಲೆ 16ನೇ ಸಾಲಿನಲ್ಲಿ ಒಂದೇ ಒಂದು ಎಳೆ ಕತ್ತರಿಸಿ, ಆ ಸಾಲಿನ ದಾರ ನಿಧಾನಕ್ಕೆ ಎಳೆದು ತೆಗೆಯಿರಿ. ಕೆಳಭಾಗ ಕಳಚಿ ಬರುತ್ತದೆ. ಮಧ್ಯದ ಪಟ್ಟೆಗಳೂ ಅಕ್ರಿಲಿಕ್ ಆದ್ದರಿಂದ ಹಾಗೇ ಬಿಚ್ಚಿಕೊಳ್ಳುತ್ತವೆ. ಇಸ್ತ್ರಿ ತಾಗಿದ್ದು ಬಿಸಾಡಿ. ಮೆರೂನ್ ಜಾಗಕ್ಕೆ ಅಕ್ರಿಲಿಕ್ಕೇ ತನ್ನಿ.

ಕಡ್ಡಿಗೌರಿ
ರಾತ್ರಿ ಕೂತು ಮಾಡಿದೆ. ಕತ್ತರಿ ಹಾಕುವಾಗ ಗಂಡನನ್ನು ಕರೆದು ಕೈ ಹಿಡಿಸಿಕೊಂಡೆ. ಒಂದು ಕುಣಿಕೆಯೂ ಜಾರಲಿಲ್ಲ. ಭಾನುವಾರಕ್ಕೆ ಆಗಲ್ಲ, ಅತ್ತೆಗೆ ಫೋನ್ ಮಾಡಿ ಹೇಳಿದೆ. ಮೆರೂನ್ ಬಳೆಗಳು ಐದು ಉಳಿದಿವೆ, ಏನು ಮಾಡಲಿ?

ಸರಸಕ್ಕ
ಎರಡು ಪದರ ಮಡಿಸಿ ಹೊಲಿ, ಒಳ್ಳೇ ಮಸಿಬಟ್ಟೆ ಆಗುತ್ತದೆ. ಉಣ್ಣೆ ಬಿಸಿ ಬೇಗ ಕೈಗೆ ಬಿಡಲ್ಲ.

ಉಂಡೆರಾಯ
ಅಂಚಿನಲ್ಲಿ ಹಳದಿ ಎಳೆ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ, ಬಿಸಿ ಪಾತ್ರೆಗೆ ಕರಗಿ ಅಂಟುತ್ತದೆ.

ಹೊಸಬಳು
ನಮಸ್ಕಾರ, ನಾನೂ ಈ ಕೇಪ್ ಶುರು ಮಾಡಬೇಕು. ಕಡ್ಡಿ ಎಂಟು ಅಂದರೆ 4ಆ, 5ಆ?

ಹಳೇಕೈ
4.

ನ್ಯೂಜೆರ್ಸಿನಳಿನಿ
5.